ನಿಮಗಿದು ಗೊತ್ತೇ? ಸಾಣಾಪುರದ ಬಿಸಿಲಲ್ಲಿ ಹಳೆಯ ಗಿಟಾರ್

ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಕಟ್ಟಿದರೆ ಏನಾಗುತ್ತದೆ, ಗೊತ್ತೇ? ಆರು ನೈಲಾನ್ ತಂತಿಗಳು ಸೇರಿ ಎಳೆಯುವ ಭಾರ ಸುಮಾರು 40 ಕಿಲೋ. ಸ್ಟೀಲ್ ತಂತಿಗಳದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಇಷ್ಟು ಭಾರ ಹೊರಬೇಕಾದದ್ದು ಎರಡೂವರೆ ಮಿಲಿಮೀಟರ್ ಆಸುಪಾಸಿನ ತೆಳು ಹಲಗೆ. ಮೊದಲು ಹಲಗೆ ಉಬ್ಬುತ್ತದೆ, ದಂಡಿ ಬಾಗುತ್ತದೆ, ಕೊನೆಗೊಂದು ದಿನ ಬ್ರಿಜ್ ಪಟ್ಟನೆ ಕಿತ್ತು ಬರುತ್ತದೆ. ಅಂಗಡಿಯಲ್ಲಿ ನೈಲಾನ್ ಸಿಗಲಿಲ್ಲವೆಂದು ಸ್ಟೀಲ್ ಏರಿಸಿದ ಗಿಟಾರ್ ಮಾರಾಟಕ್ಕೆ ಬಂದರೆ ಬೆಲೆ ಕೇಳುವ ಗೋಜಿಗೇ ಹೋಗಬೇಡಿ.

ಸಾಣಾಪುರದಲ್ಲಿ ಈ ಮಾತು ಯಾಕೆ? ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರಲ್ಲಿ ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದ ಮೇಲೆ, ಬೆನ್ನಿಗೆ ಚೀಲ ಹೊತ್ತು ಬರುವ ಪ್ರವಾಸಿಗರ ಬೀಡು ಈ ಕಡೆಗೆ ಸರಿಯಿತು. ಆ ಚೀಲಗಳ ಜೊತೆ ಗಿಟಾರೂ ಬರುತ್ತದೆ. ಬಂದ ಗಿಟಾರುಗಳೆಲ್ಲ ವಾಪಸ್ ಹೋಗಬೇಕೆಂದೇನೂ ಇಲ್ಲವಲ್ಲ.

ಗುರುತು ಹಿಡಿಯುವುದು ಸುಲಭ. ಕ್ಲಾಸಿಕಲ್ ಗಿಟಾರಿನ ದಂಡಿ ಅಗಲ, ತುದಿಯಲ್ಲಿ ಸುಮಾರು 52 ಮಿಲಿಮೀಟರ್. ಸ್ಟೀಲ್ ತಂತಿಯದ್ದಕ್ಕೆ 43 ಸಾಕು. ಫ್ರೆಟ್‌ಗಳ ನಡುವೆ ಬಿಳಿ ಚುಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ದಂಡಿ ಒಡಲನ್ನು ಸೇರುವುದು 12ನೇ ಫ್ರೆಟ್‌ನಲ್ಲಿ.

ವಯಸ್ಸು ತಿಳಿಯಲು ದುಂಡು ರಂಧ್ರದೊಳಗೆ ಟಾರ್ಚ್ ಬಿಟ್ಟು ಚೀಟಿ ಓದಿ. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1990ಕ್ಕಿಂತ ಹಿಂದಿನದು. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ ಆ ದೇಶ ಒಡೆದು ಎರಡಾದ 1993ಕ್ಕಿಂತ ಮೊದಲಿನದು. ‘ನಿಪ್ಪಾನ್ ಗಕ್ಕಿ’ ಎಂದಿದ್ದರೆ ಗಾಬರಿ ಬೇಡ, ಅದು ಯಮಹಾ ಕಂಪನಿಯದೇ ಹಳೆಯ ಹೆಸರು. 1987ರಲ್ಲಿ ಬದಲಾಯಿತು. ಭೂಪಟ ಬದಲಾದಾಗಲೆಲ್ಲ ಗಿಟಾರ್ ಕೊಳ್ಳುವವರಿಗೆ ಲಾಭವೇ.

ಆದರೆ ಹಳೆಯದೆಂಬ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ಮಾರುವವರ ಬಾಯಲ್ಲಿ ‘ವಿಂಟೇಜ್’ ಎಂದರೆ ಬೆಲೆ ಏರಿಸಲೊಂದು ನೆಪ, ಅಷ್ಟೆ. ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ದಂಡಿಯುದ್ದಕ್ಕೂ ನೋಡಿ. ಹಳೆಯ ಕ್ಲಾಸಿಕಲ್ ಗಿಟಾರುಗಳ ದಂಡಿಯೊಳಗೆ ಬಿಗಿ ಹೊಂದಿಸುವ ಕಬ್ಬಿಣದ ಸರಳು ಸಾಮಾನ್ಯವಾಗಿ ಇರುವುದಿಲ್ಲ, ಒಮ್ಮೆ ಬಾಗಿದರೆ ಸರಿಪಡಿಸುವ ಖರ್ಚು ಕೊಂಡ ಬೆಲೆಯನ್ನೇ ಮೀರಬಹುದು. 12ನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ ಮೂರರಿಂದ ನಾಲ್ಕು ಮಿಲಿಮೀಟರ್ ಇದ್ದರೆ ಸರಿ. ಆರೇಳು ಇದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬ್ರಿಜ್‌ನ ಹಿಂಬದಿಗೆ ಬಸ್ ಟಿಕೆಟಿನ ಅಂಚು ತೂರಿಸಿ ನೋಡಿ, ಒಳಗೆ ಹೋಯಿತೆಂದರೆ ಅಂಟು ಬಿಟ್ಟಿದೆ. ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿ, ಒಡಕು ಸದ್ದು ಬಂದ ಕಡೆ ಒಳಗಿನ ಪಟ್ಟಿ ಕಳಚಿರುತ್ತದೆ. ಸೂಜಿಮೊನೆಯಂಥ ತೂತು, ಪಕ್ಕದಲ್ಲೇ ಮರದ ಪುಡಿ ಕಂಡರೆ ಹುಳು ಇನ್ನೂ ಮನೆ ಖಾಲಿ ಮಾಡಿಲ್ಲ.

ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇ. 45ರಿಂದ 55. ಕೊಪ್ಪಳ ಸೀಮೆಯ ಬೇಸಿಗೆ ಈ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ, ಹಗಲಿಡೀ ಕಾದ ಬಂಡೆ ರಾತ್ರಿಯೂ ಶಾಖ ಉಗುಳುತ್ತದೆ. ಒಣಗಿದ ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಾಗಿ ಇಲ್ಲ. ಲೋಹದ ಫ್ರೆಟ್ ಕುಗ್ಗುವುದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ದಂಡಿಯ ಅಂಚು ಸವರಿದರೆ ಫ್ರೆಟ್‌ನ ತುದಿಗಳು ಗರಗಸದ ಹಲ್ಲಿನ ಹಾಗೆ ಚುಚ್ಚುತ್ತವೆ. ಗಿಟಾರ್ ನೀರಡಿಸಿದ್ದಕ್ಕೆ ಅದೇ ಮೊದಲ ಸೂಚನೆ, ಹಲಗೆ ಬಿರಿಯುವುದು ಆಮೇಲೆ. ಮಳೆಗಾಲದಲ್ಲಿ ಕಥೆ ಉಲ್ಟಾ: ಮರ ಹಿಗ್ಗುತ್ತದೆ, ಹಲಗೆ ಉಬ್ಬುತ್ತದೆ, ತಂತಿ ಮೇಲೇರಿ ಬೆರಳು ನೋಯುತ್ತವೆ. ಕಾಲುವೆ, ಗದ್ದೆ, ಕೆರೆ ಇರುವ ಊರಾದ್ದರಿಂದ ಎರಡೂ ಕಾಟ ಇಲ್ಲುಂಟು.

ಮದ್ದು ದುಬಾರಿಯದೇನಲ್ಲ. ಸೋಪಿನ ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಒಳಗಿಟ್ಟು ಗಿಟಾರಿನ ಪೆಟ್ಟಿಗೆಯಲ್ಲಿಡಿ. ನೀರು ಮಾತ್ರ ತೊಟ್ಟಿಕ್ಕಬಾರದು. ಪೆಟ್ಟಿಗೆಯನ್ನು ನೆಲದ ಮೇಲಿಡಬೇಡಿ, ಗೆದ್ದಲಿಗೆ ಸಂಗೀತ ಜ್ಞಾನ ಇಲ್ಲ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ. ಹಳೆಯ ಒಳ್ಳೆಯ ಗಿಟಾರುಗಳನ್ನು ಜೋಡಿಸಿರುವುದು ಪ್ರಾಣಿಗಳ ಚರ್ಮ ಕುದಿಸಿ ಮಾಡುವ ಅಂಟಿನಿಂದ, ನಮ್ಮ ಹಿಂದಿನ ಬಡಗಿಗಳ ಮರವಜ್ರದಿಂದ. ಕಾವು ತೇವ ಎರಡೂ ಸಿಕ್ಕರೆ ಅದು ಸಡಿಲುತ್ತದೆ. ಅದೇ ಅದರ ಗುಣವೂ ಹೌದು: ರಿಪೇರಿ ಮಾಡುವವರು ಹಬೆ ಕೊಟ್ಟು ಕೀಲು ಬಿಡಿಸಿ ಮತ್ತೆ ಕೂಡಿಸಬಲ್ಲರು. ಈಗಿನ ಬಿಳಿ ಅಂಟನ್ನು ಮೆತ್ತಿಸಿಕೊಂಡರೆ ಮುಂದಿನ ರಿಪೇರಿಯವರು ನಿಮ್ಮನ್ನು ಶಪಿಸುತ್ತಾರೆ.

ಇನ್ನೊಂದು ಸಂಗತಿ ಮಲೆನಾಡಿನದು. ಗಿಟಾರಿನ ಬೆನ್ನು ಮತ್ತು ಪಕ್ಕೆಗೆ ಹೆಸರಾದದ್ದು ಬ್ರೆಜಿಲ್‌ನ ರೋಸ್‌ವುಡ್. ಅದು 1960ರ ದಶಕದಲ್ಲಿ ಸಿಗುವುದು ಕಷ್ಟವಾದಾಗ ಜಗತ್ತಿನ ತಯಾರಕರು ತಿರುಗಿದ್ದು ಪಶ್ಚಿಮ ಘಟ್ಟದ ಬೀಟೆಯ ಕಡೆಗೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬದಲಾಯಿಸಿತು. ಸ್ಪೇನಿನಿಂದಲೋ ಜಪಾನಿನಿಂದಲೋ ಸಾಣಾಪುರಕ್ಕೆ ಬಂದ ಗಿಟಾರಿನ ಬೆನ್ನು ನಮ್ಮ ಘಟ್ಟದಲ್ಲೇ ಬೆಳೆದದ್ದಿರಬಹುದು, ತವರಿಗೆ ಬಂದ ಹಾಗಾಯಿತು. ಬ್ರೆಜಿಲ್ ಮರದ್ದಾದರೆ ಹುಷಾರು. 1992ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ಜಪ್ತಿ ಮಾಡಬಹುದು. ಬೀಟೆಯ ಮೇಲೂ 2017ರಲ್ಲಿ ಕಟ್ಟುಪಾಡು ಬಂದಿತ್ತು, ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ನನ್ನನ್ನು ಕೇಳಿದರೆ ಈ ಸೀಮೆಗೆ ಬೀಟೆಯೂ ಬೇಡ, ಪ್ಲೈವುಡ್ ಬೆನ್ನಿನ ಗಿಟಾರೇ ವಾಸಿ. ನಾದ ಒಂದು ತೂಕ ಕಡಿಮೆ, ಬಿರುಕು ಬಿಡುವುದು ಅಪರೂಪ. ಬೆನ್ನಿನ ಹೊರಗಿನ ಎಳೆ ಒಳಗೂ ಹಾಗೇ ಕಂಡರೆ ಇಡೀ ಮರ, ಬೇರೆ ಕಂಡರೆ ಪ್ಲೈ.

ಬೆನ್ನಿಗೇಕೆ ಅಷ್ಟು ಕಾಸು ಸುರಿಯಬೇಕು ಎಂಬ ಪ್ರಶ್ನೆಗೆ ಸ್ಪೇನಿನ ಆಂಟೋನಿಯೊ ದೆ ತೊರೆಸ್ 1862ರಲ್ಲೇ ಉತ್ತರ ಕೊಟ್ಟಿದ್ದ. ಬೆನ್ನು, ಪಕ್ಕೆಗಳನ್ನು ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿದ. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ ಎಂದು ತೋರಿಸುವುದು ಅವನ ಇರಾದೆ. ಆ ರಟ್ಟಿನ ಗಿಟಾರ್ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರ, ಅಳತೆ ಬಹುಮಟ್ಟಿಗೆ ತೊರೆಸ್‌ನವೇ.

ಹಳೆಯ ಒಳ್ಳೆಯ ಗಿಟಾರುಗಳ ಹೊಳಪು? ಸಾಮಾನ್ಯವಾಗಿ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರ ಪದರವಾಗಿ ಉಜ್ಜುತ್ತಾರೆ. ಬೆವರು ತಾಗಿದರೆ ಮಾಸುತ್ತದೆ, ಆದ್ದರಿಂದ ಬಲಗೈಗೊಂದು ತುಂಬುತೋಳಿನ ಅಂಗಿ.

ಇನ್ನು ನುಡಿಸುವುದೇನು? 1536ರಲ್ಲಿ ಲೂಯಿಸ್ ಮಿಲಾನ್ ಎಂಬಾತ ಸ್ಪೇನಿನ ವಲೆನ್ಸಿಯಾದಲ್ಲಿ ಗಿಟಾರಿನ ಬಂಧು ವಿಹುವೆಲಾ ವಾದ್ಯಕ್ಕೆ ಪುಸ್ತಕ ಅಚ್ಚು ಹಾಕಿಸಿದಾಗ, ಸಾಣಾಪುರದಿಂದ ಕೂಗಳತೆಯಲ್ಲಿರುವ ವಿಜಯನಗರದಲ್ಲಿ ಅಚ್ಯುತರಾಯ ಆಳುತ್ತಿದ್ದ. 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದು, ವೀಣೆಯ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕೆಂದು ವಿವರಿಸಿದ. ಮಿಲಾನ್‌ನ ಕೃತಿಗಳನ್ನು ನಿಮ್ಮ ಗಿಟಾರಿನಲ್ಲೂ ನುಡಿಸಬಹುದು: ಮೂರನೇ ತಂತಿಯನ್ನು ಅರ್ಧ ಸ್ವರ ಇಳಿಸಿಕೊಂಡರೆ ಆಯಿತು. ಅವಸರವಿಲ್ಲದ ಸಂಗೀತ, ಕಲಿಯುವವರಿಗೆ ಹೇಳಿ ಮಾಡಿಸಿದ್ದು.

ತಂತಿಗೆ ನೈಲಾನ್ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಮೊದಲು ಕುರಿಯ ಕರುಳು. ಎರಡನೇ ಮಹಾಯುದ್ಧದಲ್ಲಿ ಕರುಳಿನ ದಾರವೆಲ್ಲ ಗಾಯಕ್ಕೆ ಹೊಲಿಗೆ ಹಾಕಲು ಹೋಗಿ ತಂತಿಗೆ ಬರ ಬಂದಾಗ, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನ್ ಹಿಡಿದು ಪ್ರಯೋಗಕ್ಕಿಳಿದ. ಮಹಾವಾದಕ ಆಂಡ್ರೆಸ್ ಸೆಗೋವಿಯಾ ಜೊತೆಗೆ ನಿಂತ. ಹೊಸ ನೈಲಾನ್ ತಂತಿ ಕಟ್ಟಿದ ಮೊದಲ ಕೆಲವು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಹಿಗ್ಗುತ್ತಿರುವುದು ತಂತಿ, ಕೆಟ್ಟಿರುವುದು ಗಿಟಾರಲ್ಲ. ಮಾರಿದವರ ಜೊತೆ ಜಗಳಕ್ಕೆ ಹೊರಡಬೇಡಿ.