ಹೊಳೆ ಇಲ್ಲದ ಊರಿಗೆ ಕೆರೆಯೇ ಹೆಸರು

ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಈ ಹೆಸರು ಬಂತು ಎನ್ನುತ್ತಾರೆ. ನಮ್ಮ ಮನೆಮಾತು ಉರ್ದು. ಅದರಲ್ಲಿ ‘ಆರ್ಸಿ’ ಎಂದರೆ ಕನ್ನಡಿ. ಕೆರೆ ತುಂಬಿದ ವರ್ಷ ಆ ಅರ್ಥವೂ ಊರಿಗೆ ಒಪ್ಪುತ್ತದೆ! ಆದರೆ ಊರಿಗೆ ಕೆರೆಯ ಹೆಸರೇ ಏಕೆ ಬಂತು ಎಂದು ತಿಳಿಯಲು ಸ್ವಲ್ಪ ಭೂಗೋಳ ಬೇಕು.

ನಮ್ಮ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಘಟ್ಟಗಳಿವೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಘಟ್ಟ ಹತ್ತುವಾಗ ತಣ್ಣಗಾಗಿ ಸಕಲೇಶಪುರದ ಕಡೆ ಮಳೆ ಸುರಿಸುತ್ತವೆ. ಅಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟುತ್ತದೆ. ಬೇಲೂರಿಗೆ ಬರುವ ಹೊತ್ತಿಗೆ ಅದರ ಅರ್ಧದಷ್ಟು. ಇನ್ನೂ ಪೂರ್ವಕ್ಕಿರುವ ಅರಸೀಕೆರೆಗೆ 700 ಮಿ.ಮೀ. ಆಸುಪಾಸು. ಇದನ್ನೇ ಮಳೆ ನೆರಳಿನ ಪ್ರದೇಶ ಎನ್ನುವುದು. ಜುಲೈನಲ್ಲಿ ಅಲ್ಲಿ ಜಡಿಮಳೆ ಹಿಡಿದಿದ್ದರೆ ಇಲ್ಲಿ ಬರೀ ಗಾಳಿ, ಮೋಡ, ನಾಲ್ಕು ಹನಿ. ನಮಗೆ ಕೈ ಹಿಡಿಯುವುದು ಮೇ ತಿಂಗಳ ಗುಡುಗು ಮಳೆ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಮಳೆ. ಊರು ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದೆ, ಅಷ್ಟೇ ಸಮಾಧಾನ.

ಬೇಲೂರಿನ ಕಥೆ ಬೇರೆ. ಅದರ ಪಕ್ಕದಲ್ಲೇ ಯಗಚಿ ಹರಿಯುತ್ತದೆ. ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡಿನಲ್ಲಿ ಹೊಳೆ ಇಲ್ಲ. ಆದರೂ ಹೊಯ್ಸಳರ ರಾಜಧಾನಿ ಅಲ್ಲೇ ಬೆಳೆಯಿತು, ದೊಡ್ಡ ಕೆರೆಯ ದಡದಲ್ಲಿ. ಊರಿನ ಹೆಸರೂ ದೋರಸಮುದ್ರ. ದೆಹಲಿಯ ಸೈನ್ಯ 1311ರಲ್ಲಿ ಇಲ್ಲಿಗೆ ಬಂದದ್ದನ್ನು ಫಾರಸಿಯಲ್ಲಿ ಬರೆದ ಅಮೀರ್ ಖುಸ್ರೋ ಕೂಡ ಇದನ್ನು ‘ಧುರ್ ಸಮುಂದರ್’ ಎಂದೇ ಕರೆದಿದ್ದಾರೆ. ಕಡಲಿನಿಂದ ಇಷ್ಟು ದೂರದ ಊರಿಗೆ ಸಮುದ್ರದ ಹೆಸರು!

ಈಗ ನಮ್ಮ ಕಾಮರ್ಸ್ ಲೆಕ್ಕ. ಒಂದು ಎಕರೆ ಮೇಲೆ 700 ಮಿ.ಮೀ. ಮಳೆ ಬಿದ್ದರೆ ಸುಮಾರು 28 ಲಕ್ಷ ಲೀಟರ್ ನೀರು. 5000 ಲೀಟರಿನ ಟ್ಯಾಂಕರ್ ಆದರೆ 560 ಲೋಡು. ಅಂದರೆ ಆದಾಯ ಕಡಿಮೆಯೇನಲ್ಲ. ಆದರೆ ಅದು ಕೆಲವೇ ದಿನಗಳಲ್ಲಿ ಬರುತ್ತದೆ, ಖರ್ಚು ಮಾತ್ರ ವರ್ಷಪೂರ್ತಿ. ಹಾಗಾಗಿ ಕೆರೆ ಎಂಬ ಉಳಿತಾಯ ಖಾತೆ. ಸುತ್ತಲಿನ ದಿಣ್ಣೆಗಳ ನೀರು ಕಾಲುವೆಗಳಲ್ಲಿ ಬಂದು ಏರಿಯ ಹಿಂದೆ ನಿಲ್ಲುತ್ತದೆ. ತೂಬು ಎತ್ತಿದರೆ ಗದ್ದೆಗೆ ಹೋಗುತ್ತದೆ. ಹೆಚ್ಚಾದದ್ದು ಕೋಡಿ ಬಿದ್ದು ಕೆಳಗಿನ ಕೆರೆಗೆ ಸೇರುತ್ತದೆ. ತಳಕ್ಕೆ ಇಂಗಿದ್ದು ಬಾವಿ, ಬೋರ್‌ವೆಲ್‌ಗಳಿಗೆ. ಬಿಸಿಲಿಗೆ ಆವಿಯಾಗುವುದು ಮತ್ತು ತಳದಲ್ಲಿ ಹೂಳು ತುಂಬುವುದು ಈ ಖಾತೆಯ ಸವಕಳಿ. ಹೂಳು ತೆಗೆಯದಿದ್ದರೆ ಕೆರೆ ನೋಡಲು ಅಷ್ಟೇ ಅಗಲ ಇರುತ್ತದೆ, ಹಿಡಿಯುವ ನೀರು ಮಾತ್ರ ಕಡಿಮೆ. ನೀರು ತರುವ ಕಾಲುವೆ ಮೇಲೆ ಮನೆಯೋ ರಸ್ತೆಯೋ ಎದ್ದರೆ ಇನ್ನೂ ಕಷ್ಟ. ಒಳ್ಳೆ ಮಳೆ ಬಂದರೂ ಆ ನೀರು ಬೀದಿಯಲ್ಲಿ ನಿಲ್ಲುತ್ತದೆ, ಕೆರೆಗೆ ಹೋಗುವುದಿಲ್ಲ.

ಇದು ಪರೀಕ್ಷೆಗೆ ಓದುವ ವಿಷಯ ಮಾತ್ರವಲ್ಲ. ಅರಸೀಕೆರೆಯ ವ್ಯಾಪಾರ ನಿಂತಿರುವುದೇ ತೆಂಗು, ಕೊಬ್ಬರಿ ಮೇಲೆ. ರಾಗಿ ಒಂದು ವರ್ಷ ಒಣಗಿದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ತೆಂಗಿನ ಮರ ಒಣಗಿದರೆ ಹೊಸ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು.

ಸಕಲೇಶಪುರದ ಕಡೆಯ ನೀರನ್ನು ನಮ್ಮ ತಾಲ್ಲೂಕಿಗೂ, ಇನ್ನೂ ಪೂರ್ವದ ಜಿಲ್ಲೆಗಳಿಗೂ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಯಗಚಿ ನೀರನ್ನು ಹಳೇಬೀಡಿನ ಕೆರೆಗೆ ತರಲು ರಣಘಟ್ಟ ಯೋಜನೆ ಇದೆ. ಘಟ್ಟದಲ್ಲಿ ನೀರು ಹೆಚ್ಚಿರುವುದು ಮಳೆಗಾಲದಲ್ಲಿ. ಆಗ ಬಂದ ನೀರನ್ನು ಬೇಸಿಗೆವರೆಗೆ ಇಟ್ಟುಕೊಳ್ಳಲು ನಮ್ಮ ಹತ್ತಿರ ಇರುವುದು ಇದೇ ಹಳೇ ಕೆರೆಗಳು.