ಬುದ್ಧಿ ಬೆಳೆಯುವ ಹಂತಗಳು: ನಿಮ್ಮ ಬಾಲ್ಯದಲ್ಲಿ ಗುರುತಿಸಬಲ್ಲಿರಾ?

ನೀವು ನಡೆದರೆ ಚಂದ್ರನೂ ನಿಮ್ಮ ಜೊತೆಗೇ ನಡೆಯುತ್ತಾನೆಂದು ಚಿಕ್ಕಂದಿನಲ್ಲಿ ನಂಬಿದ್ದಿರಾ? ಒಂದೇ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಕೊಟ್ಟಾಗ ಹೆಚ್ಚು ಸಿಕ್ಕಿತೆಂದು ಸಂತೋಷಪಟ್ಟಿದ್ದಿರಾ? ಅದನ್ನು ದಡ್ಡತನ ಎನ್ನಬೇಕಾಗಿಲ್ಲ. ಬುದ್ಧಿಯ ಬೆಳವಣಿಗೆಯಲ್ಲಿ ಅದೊಂದು ಹಂತ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ತಮ್ಮ ಮೂವರು ಮಕ್ಕಳನ್ನು ಶೈಶವದಿಂದಲೇ ಗಮನಿಸಿದರು. ಮುಂದೆ ಇನ್ನೂ ಅನೇಕ ಮಕ್ಕಳನ್ನು ಪರೀಕ್ಷಿಸಿದರು. ಅವರು ಗುರುತಿಸಿದ ಹಂತಗಳು ನಾಲ್ಕು. ಸುಮಾರು 2 ವರ್ಷದವರೆಗೆ ಸಂವೇದನಾ-ಗತಿ ಹಂತ; 7ರವರೆಗೆ ಕಾರ್ಯಪೂರ್ವ ಹಂತ; 11–12ರವರೆಗೆ ಮೂರ್ತ ಕಾರ್ಯಗಳ ಹಂತ; ಆಮೇಲೆ ಔಪಚಾರಿಕ ಕಾರ್ಯಗಳ ಹಂತ.

ಐನ್‌ಸ್ಟೈನ್ ಕೇಳಿದ ಪ್ರಶ್ನೆ

1928ರಲ್ಲಿ ದಾವೋಸ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರು ಪಿಯಾಜೆಗೆ ಒಂದು ಪ್ರಶ್ನೆ ಹಾಕಿದರು: ಮಕ್ಕಳಿಗೆ ಮೊದಲು ತಿಳಿಯುವುದು ಕಾಲವೋ, ವೇಗವೋ? ಇದರಿಂದ ಹುಟ್ಟಿದ ಅಧ್ಯಯನ 1946ರಲ್ಲಿ ಪುಸ್ತಕವಾಯಿತು. ಎರಡು ಗೊಂಬೆಗಳು ಒಟ್ಟಿಗೆ ಹೊರಟು ಒಟ್ಟಿಗೆ ನಿಂತರೂ, ಹೆಚ್ಚು ದೂರ ಹೋದ ಗೊಂಬೆಯೇ ಹೆಚ್ಚು ಹೊತ್ತು ಓಡಿತೆಂದು ಚಿಕ್ಕ ಮಕ್ಕಳು ಹೇಳುತ್ತಾರೆ. ಕಾಲ ಮತ್ತು ದೂರಗಳು ಅವರ ಮನಸ್ಸಿನಲ್ಲಿ ಇನ್ನೂ ಬೇರ್ಪಟ್ಟಿರುವುದಿಲ್ಲ.

ಮಗ್ಗದ ಮನೆಯಲ್ಲಿ

ಮಲಪ್ರಭಾ ದಡದ ಕಮತಗಿ ಕೈಮಗ್ಗಕ್ಕೆ ಹೆಸರಾದ ಊರು. ಅಲ್ಲಿ ಬೆಳೆದವರಿಗೆ ಪಿಯಾಜೆಯ ಹಂತಗಳನ್ನು ನೂಲಿನಲ್ಲೇ ತೋರಿಸಬಹುದು. ಗೋಡೆಗೆ ಒಂದು ಮೊಳ ದೂರದಲ್ಲಿ ಎರಡು ಗೂಟ ಬಡಿದು, ನೂಲನ್ನು ಒಂದು ಸುತ್ತು ಸುತ್ತಿ. ಒಂದು ಕಡೆ ಕತ್ತರಿಸಿ ಬಿಚ್ಚಿದರೆ ಎಷ್ಟು ಉದ್ದವಾದೀತು? ಚಿಕ್ಕ ಮಗು ಕಣ್ಣಿಗೆ ಕಂಡಷ್ಟೇ, ಅಂದರೆ ಒಂದು ಮೊಳ ಎನ್ನಬಹುದು. ಮೂರ್ತ ಕಾರ್ಯಗಳ ಹಂತಕ್ಕೆ ಬಂದ ಮಗು ಮನಸ್ಸಿನಲ್ಲೇ ನೂಲು ಬಿಚ್ಚಿ, ಎರಡು ಮೊಳ ಎನ್ನುತ್ತದೆ. ಮೆಕ್ಸಿಕೋದ ಮಾಯಾ ನೇಕಾರರಲ್ಲಿ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಇದನ್ನೇ ಗಮನಿಸಿದರು. ಅಲ್ಲಿನ ಪುಟ್ಟ ಹುಡುಗಿಯರ ಆಟದ ಮಗ್ಗಕ್ಕೆ ಇಂಥ ಮಾನಸಿಕ ಲೆಕ್ಕ ಬೇಕಿಲ್ಲ. ಹಾಸು ಸುತ್ತುವ ಚೌಕಟ್ಟಿಗೆ ಬೇಕು. ಅದು ದೊಡ್ಡ ಹುಡುಗಿಯರ ಕೆಲಸ. ಪಿಯಾಜೆಯನ್ನು ಓದದ ತಾಯಂದಿರು ಮಗುವಿನ ಹಂತವನ್ನು ಅರಿತಿದ್ದರು!

ಹದಿಹರೆಯ

ಅದೇ ನೂಲಿಗೆ ಕಲ್ಲು ಕಟ್ಟಿದರೆ ಲೋಲಕ. ತೂಗಾಟದ ಅವಧಿ ಯಾವುದನ್ನು ಅವಲಂಬಿಸಿದೆ? ಕಲ್ಲಿನ ತೂಕವೇ, ನೂಲಿನ ಉದ್ದವೇ? ಚಿಕ್ಕವರು ಎರಡನ್ನೂ ಒಟ್ಟಿಗೆ ಬದಲಿಸಿ ಗೊಂದಲಕ್ಕೆ ಬೀಳುತ್ತಾರೆ. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುವ ಯೋಚನೆ ಬಂದರೆ ಔಪಚಾರಿಕ ಚಿಂತನೆ ಆರಂಭವಾಯಿತೆಂದು ತಿಳಿಯಿರಿ. ‘ಹೀಗಾದರೆ ಏನಾದೀತು?’ ಎಂಬ ಈ ಶಕ್ತಿಯೇ ಹದಿಹರೆಯದವರನ್ನು ಹಿರಿಯರೊಡನೆ ವಾದಕ್ಕೂ ಇಳಿಸುತ್ತದೆ. ‘ನಾನು ಯಾರು?’ ಎಂಬ ಹುಡುಕಾಟವನ್ನು ಎರಿಕ್ ಎರಿಕ್ಸನ್ (1902–1994) ಈ ವಯಸ್ಸಿನ ಮುಖ್ಯ ಸಮಸ್ಯೆ ಎಂದರು. ಹೆತ್ತ ತಂದೆ ಯಾರೆಂದು ತಿಳಿಯದೆ ಬೆಳೆದವರು ಅವರು.

ನೆನಪನ್ನು ನಂಬಬಹುದೇ?

ಇಲ್ಲೊಂದು ಎಚ್ಚರಿಕೆ. ತಾನು 2 ವರ್ಷದವನಿದ್ದಾಗ ಅಪಹರಣದ ಯತ್ನ ನಡೆಯಿತೆಂದು ಪಿಯಾಜೆಗೆ ಸ್ಪಷ್ಟ ನೆನಪಿತ್ತು. ಅವರಿಗೆ ಸುಮಾರು 15 ವರ್ಷವಾದಾಗ, ಆ ಕಥೆ ತಾನೇ ಕಟ್ಟಿದ್ದೆಂದು ದಾದಿ ಒಪ್ಪಿಕೊಂಡಳು! ಮನೆಯಲ್ಲಿ ಕೇಳಿದ ಕಥೆಯೇ ‘ಕಂಡ’ ನೆನಪಾಗಿತ್ತು. ಆದ್ದರಿಂದ ನಿಮ್ಮ ಶೈಶವದ ಹಂತಗಳನ್ನು ನೆನಪಿನಿಂದ ನಿರ್ಧರಿಸಬೇಡಿ. ಹಳೆಯ ನೋಟುಬುಕ್ಕು, ಚಿತ್ರಗಳು ಇದ್ದರೆ ಅವು ಹೆಚ್ಚು ವಿಶ್ವಾಸಾರ್ಹ.

ಹಂತಗಳ ಗಡಿಗಳೂ ಗೆರೆ ಎಳೆದಂತಿಲ್ಲ. ಔಪಚಾರಿಕ ಚಿಂತನೆ ಮೊದಲು ಅವರವರ ಒಲವಿನ, ಕಸುಬಿನ ಕ್ಷೇತ್ರದಲ್ಲೇ ಕಾಣಬಹುದೆಂದು 1972ರಲ್ಲಿ ಪಿಯಾಜೆ ಅವರೇ ಬರೆದರು. ತರಗತಿಯಲ್ಲಿ ಅನುಪಾತದ ಲೆಕ್ಕಕ್ಕೆ ತಡವರಿಸುವ ಹುಡುಗ ಮಗ್ಗದ ಮುಂದೆ ಎಳೆಗಳ ಲೆಕ್ಕವನ್ನು ಸರಾಗವಾಗಿ ಮಾಡಬಹುದು. ಅವನಿಗೆ ದಡ್ಡನೆಂಬ ಹಣೆಪಟ್ಟಿ ಹಚ್ಚುವ ಮೊದಲು ಪ್ರಶ್ನೆಯನ್ನು ಒಮ್ಮೆ ನೂಲಿನ ಭಾಷೆಯಲ್ಲಿ ಕೇಳಿ ನೋಡಿ.