ಬನ್ನಿಯೊಳಗಿನ ಬೆಂಕಿ

ತಳಕಲ್, ಕುಕನೂರು ಕಡೆ ಬನ್ನಿ ಅಂದ್ರೆ ದಸರೆಯ ಬಂಗಾರ. ಯಜ್ಞ ಮಾಡುವವರಿಗೆ ಅದೇ ಕಡ್ಡಿಪೆಟ್ಟಿಗೆ! ಬನ್ನಿಯ ಮೇಲೆ ಬೆಳೆದ ಅರಳಿಯ ಕಟ್ಟಿಗೆಯೇ ಅರಣಿಗೆ ಶ್ರೇಷ್ಠ ಅನ್ನುತ್ತದೆ ಶಾಸ್ತ್ರ.

ಕೆಳಗೆ ಹಲಗೆ, ಅದರ ಕುಳಿಯಲ್ಲಿ ನಿಂತ ಕಡಗೋಲು. ಹಗ್ಗ ಸುತ್ತಿ ಮಜ್ಜಿಗೆ ಕಡೆದ ಹಾಗೆ ಕಡೀಬೇಕು. ಹೊಗೆ ಬಂತೆಂದು ಕೈ ಬಿಟ್ಟರೆ ಕೆಟ್ಟಿತು. ಸವೆದ ಕಪ್ಪುಪುಡಿ ಕೆಂಡವಾಗಬೇಕು, ಅದನ್ನು ತೆಂಗಿನ ನಾರಿನಲ್ಲಿಟ್ಟು ಊದಬೇಕು. ಕಟ್ಟಿಗೆ ಹಸಿಯಿದ್ದರೆ ಬೆವರೊಂದೇ ಲಾಭ. 1975ರಲ್ಲಿ ಕೇರಳದ ಪಾಂಜಾಳದ ಅತಿರಾತ್ರಕ್ಕೂ ಬೆಂಕಿ ಹುಟ್ಟಿದ್ದು ಅರಣಿಯಿಂದಲೇ.

2021ರ ಡಿಸೆಂಬರಿನಲ್ಲಿ ಕಡ್ಡಿಪೆಟ್ಟಿಗೆ ಎರಡು ರೂಪಾಯಿ ಆದಾಗ ಅಂಗಡಿ ಮುಂದೆ ಗೊಣಗಿದ್ದೇ ಗೊಣಗಿದ್ದು. ಬದುವಿನ ಬನ್ನಿಗೆ ಕೊಡಲಿ ಬಿದ್ದರೆ ಮಾತ್ರ ಯಾರೂ ಕೇಳೋದಿಲ್ಲ. ಅದರ ಮೇಲೆ ಅರಳಿ ಬೀಜ ಬಿತ್ತುವುದು ಹಕ್ಕಿಗಳು. ಹಳೇ ಮರವೇ ಇಲ್ಲದಿದ್ದರೆ ಎಲ್ಲಿ ಬಿತ್ತಾವು?